ಜಟಕನ ಗುಡ್ಡಕ್ಕೆ ಹಳೇ ಜೀಪು

ಕುಮಟೆಯಲ್ಲಿ ನನ್ನ ಅಕ್ಕನ ಮನೆಯ ದೇವರ ಕೋಣೆಯಲ್ಲಿ ಅವಳ ಮಗಳ ಮದುವೆಯ ಕಾಗದದ ಕಟ್ಟುಗಳು ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ಸುಮ್ಮನೆ ಕೂತಿದ್ದವು. ಮದುವೆ ತುಳಸಿ ಪೂಜೆ ಕಳೆದ ಮೇಲೆ. ಗಂಡಿನ ಕಡೆಯವರು ತಮ್ಮ ಕಾಗದ ಹಂಚಿ ಮುಗಿಸಿ, ಫೋನು ಮಾಡಿ, "ನಿಮ್ಮ ಕಡೆಯದು ಇನ್ನೂ ಯಾರ ಕೈಗೂ ಸೇರಲಿಲ್ಲವಂತೆ" ಎಂದು ವಿಚಾರಿಸಿ, ಮತ್ತೊಮ್ಮೆ ವಿಚಾರಿಸುವಾಗ ದನಿ ಸ್ವಲ್ಪ ಬದಲಿಸಿಯೂ ಆಗಿತ್ತು. ಅಕ್ಕ ಮಾತ್ರ ಒಂದು ಕಾಗದವನ್ನೂ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಮೊದಲ ಕಾಗದ ಜಟಕನಿಗೆ ಸೇರಬೇಕು. ಅದೂ ಅವಳ ಕೈಯಾರೆ.

ಜಟಕನೆಂದರೆ ಗಡಿ ಕಾಯುವ ದೈವ. ಗೇರುಸೊಪ್ಪದಿಂದ ಮೇಲಕ್ಕೆ, ನಮ್ಮ ಅಪ್ಪ ಹುಟ್ಟಿದ ಊರಿನ ಗುಡ್ಡದಲ್ಲಿ ಅವನ ವಾಸ. ನೋಡಲಿಕ್ಕೆ ಒಂದು ಕಲ್ಲು. ಕಣ್ಣಿಲ್ಲ, ಮೂಗಿಲ್ಲ, ಹಾಗಾಗಿ ಯಾರು ಬಂದರು ಯಾರು ಬರಲಿಲ್ಲ ಎನ್ನುವುದು ಅವನಿಗೆ ಹೇಗೆ ತಿಳಿಯುತ್ತದೆ ಎಂಬುದು ನನಗೆ ಚಿಕ್ಕಂದಿನಿಂದಲೂ ಇರುವ ಅನುಮಾನ. ಮಗಳಿಗೆ ಬಂದ ಸಂಬಂಧಗಳು ಒಂದರ ಹಿಂದೊಂದು ತಪ್ಪಿಹೋಗುತ್ತಿದ್ದಾಗ ಅಕ್ಕ ಒಂದು ದಿನ ಕಣ್ಣು ಮುಚ್ಚಿ ಆ ಗುಡ್ಡವನ್ನು ನೆನೆದು ಹರಕೆ ಹೊತ್ತಳು: ಇದೊಂದು ಕೂಡಿ ಬರಲಿ, ಮೊದಲ ಕಾಗದ ನಿನಗೇ, ನಾನೇ ಬಂದು ಇಡ್ತೆ. ಕೂಡಿ ಬಂತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ತರ್ಕಬದ್ಧವಾಗಿ ವಿವರಿಸಿದೆ. ಅಕ್ಕ ಪೂರ್ತಿ ಕೇಳಿ, "ಆತು, ನಿನ್ನ ಕಾಗದ ಎರಡನೇದು" ಎಂದಳು.

ತೊಂದರೆ ಇದ್ದದ್ದು ಅವಳ ಮೊಣಕಾಲುಗಳಲ್ಲಿ. ಜಗಲಿಯ ಮೆಟ್ಟಿಲು ಇಳಿಯುವಾಗಲೇ ಆಕೆ ಗೋಡೆಯ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಗುಡ್ಡ ಹತ್ತುವ ಮಾತೇ ಇಲ್ಲ. ಬೇರೆ ಯಾರಾದರೂ ಹೋಗಿ ಇಟ್ಟು ಬರಲಿ ಎಂದರೆ, "ನಾ ಹೋಗ್ತೆ ಅಂದದ್ದು, ಕಳಿಸ್ತೆ ಅಂದಿಲ್ಲ." ಹಾಗಾದರೆ ಇಲ್ಲೇ ಧಾರೇಶ್ವರದ ದೇವಸ್ಥಾನದಲ್ಲಿಟ್ಟರೆ ಸಾಲದೇ ಎಂದರೆ, "ದೊಡ್ಡ ದೇವರಿಗೆ ನೂರು ಕಾಗದ ಬತ್ತದೆ. ನಮ್ಮದು ಯಾರ ಮನೇದು ಅಂತ ನೆನಪಿರೂದಿಲ್ಲ."

ಆಗ ನಾನು ಬಾಯಿ ಬಿಟ್ಟೆ. "ಅಲ್ಲಿಗೆ ಜೀಪು ಹೋಗ್ತದೆ ಅಕ್ಕಾ. ಅಪ್ಪ ಹೋಗ್ತಿದ್ದದ್ದು ನೆನಪಿಲ್ವಾ?"

ನಾನು ಇತಿಹಾಸ ಓದಿದವನು. ಧಾರವಾಡದಲ್ಲಿ ನನಗೆ ಮುಖ್ಯವಾಗಿ ಕಲಿಸಿದ್ದು, ಕಣ್ಣಾರೆ ಕಂಡೆ ಎನ್ನುವವನನ್ನು ಎಲ್ಲರಿಗಿಂತ ಮೊದಲು ಅನುಮಾನಿಸು ಎಂಬುದನ್ನು. ಈ ವಿದ್ಯೆಯನ್ನು ಹಿಡಿದುಕೊಂಡು ಕಾಲೇಜು, ಪತ್ರಿಕೆ, ಮತ್ತೆ ಬೇರೆ ಕಾಲೇಜು ಎಂದು ಎಲ್ಲೂ ನೆಲೆ ನಿಲ್ಲದೆ ಸುತ್ತಿ, ಈಗ ಹೊನ್ನಾವರದಲ್ಲಿದ್ದೇನೆ. ಶಾಸನಗಳನ್ನು ಅನುಮಾನಿಸಿದ್ದೇನೆ, ಪ್ರವಾಸಿಗರ ದಿನಚರಿಗಳನ್ನು ಅನುಮಾನಿಸಿದ್ದೇನೆ. ಆದರೆ ಆ ಹೊತ್ತಿಗೆ ನನ್ನ ನೆನಪು ಎಷ್ಟು ಸ್ಪಷ್ಟವಾಗಿತ್ತೆಂದರೆ ಅನುಮಾನಿಸುವುದೇ ಅಗೌರವ ಅನ್ನಿಸಿತು. ಅಪ್ಪ ಜೀಪು ಓಡಿಸುತ್ತಿದ್ದಾರೆ. ನಾನು ಹಿಂದೆ ಕೂತಿದ್ದೇನೆ. ಜೀಪು ನಿಂತಿತು, ಇಳಿದರೆ ಎದುರಿಗೇ ಕಲ್ಲು. ನಡೆದದ್ದೇ ಇಲ್ಲ. ಒಡೆದ ಕಾಯಿಯ ಹೋಳುಗಳನ್ನು ಬಾನೆಟ್ಟಿನ ಮೇಲೆ ಇಟ್ಟಿದ್ದರು. ಇಂಜಿನ್ನಿನ ಬಿಸಿಗೆ ಅದರ ವಾಸನೆ ಎದ್ದದ್ದು ಈಗಲೂ ಮೂಗಿನಲ್ಲಿದೆ.

"ಕಾಯಿ ವಾಸನೆ ನಿನ್ನ ಮೂಗಿಗೆ ಎಲ್ಲ ಕಡೆ ಬತ್ತದೆ," ಎಂದಳು ಅಕ್ಕ. "ಜೀಪು ಹಳ್ಳದ ಈಚೆಗೇ ನಿಂತಿತ್ತು. ನನ್ನ ಮದುವೆಗೆ ಮುಂಚೆ ಹೋದಾಗ ನಾನು ಸೀರೆ ಎತ್ತಿ ಕಟ್ಟಿ ಗುಡ್ಡ ಹತ್ತಿದವಳು. ದಾರಿಯುದ್ದ ಅಪ್ಪ ಏದುಸಿರು ಬಿಡ್ತಾ ಬೈತಿದ್ದ."

"ಯಾರನ್ನ?"

"ಜಟಕನ್ನೇ. ಇಷ್ಟು ಮೇಲೆ ಕೂತುಕೊಳ್ಳೂಕೆ ನಿಂಗೆ ಎಂತ ರೋಗ ಅಂತ."

ಅಪ್ಪ ತೀರಿಹೋಗಿ ವರ್ಷಗಳಾದವು. ಆಮೇಲೆ ಆ ಕಡೆ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಆ ಊರಿನ ಯಾರಿಗಾದರೂ ಒಂದು ಫೋನು ಮಾಡಿ ಕೇಳಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಕ್ಕ ತಮ್ಮ ಇಬ್ಬರಿಗೂ ತಮ್ಮ ತಮ್ಮ ನೆನಪಿನ ಮೇಲೆ ಪೂರ್ಣ ವಿಶ್ವಾಸವಿರುವಾಗ ಮೂರನೆಯವರಿಗೆ ತೊಂದರೆ ಕೊಡುವುದೇಕೆ? ಜೀಪು ಹೋಗಿತ್ತೋ ಇಲ್ಲವೋ, ಈಗ ಹೋಗುವಂತೆ ಮಾಡುತ್ತೇನೆ ಎಂದು ನಾನು ಮಾತು ಕೊಟ್ಟೆ. ಮಳೆ ಪೂರ್ತಿ ಬಿಡುವುದರೊಳಗೆ.

ಜೀಪು ಅಪ್ಪನದೇ. ಹೊನ್ನಾವರದ ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ನಿಂತಿತ್ತು ಎನ್ನುವುದು ಅದರ ಬಗ್ಗೆ ಹೇಳಬಹುದಾದ ಅತ್ಯಂತ ಒಳ್ಳೆಯ ಮಾತು. ಜಲ್ಲಿ ಕಂಟ್ರಾಕ್ಟರ್ ಆಗಿದ್ದ ಅಪ್ಪ ಅದನ್ನು ಇನ್ನೊಬ್ಬ ಕಂಟ್ರಾಕ್ಟರನಿಂದ ಕೊಂಡಿದ್ದರು. ಆಗಲೇ ಅದು ಹಳೆಯದು. ದೊಡ್ಡ ಗಿಯರಿನ ಪಕ್ಕದಲ್ಲಿ ಸಣ್ಣದೊಂದು ಲಿವರ್ ಇದೆ. ಅದನ್ನು ಎಳೆದರೆ ನಾಲ್ಕೂ ಚಕ್ರ ದುಡಿಯಬೇಕು. ನಾನು ಎಳೆದಾಗ ಲಿವರಿನ ಗುಬ್ಬಿ ಕೈಗೆ ಬಂತು.

ಈ ಕಾಲದಲ್ಲಿ ಯಾವ ವಿದ್ಯೆಗೂ ಗುರು ಬೇಡ, ಮೊಬೈಲು ಸಾಕು. ಹಳೇ ಜೀಪನ್ನು ಕಾಡುಮೇಡಿಗೆ ಸಜ್ಜುಗೊಳಿಸುವುದು ಹೇಗೆ ಎಂದು ತೋರಿಸುವ ವಿಡಿಯೋಗಳನ್ನು ರಾಶಿ ರಾಶಿ ನೋಡಿದೆ. ಎಲ್ಲದರಲ್ಲೂ ಕಪ್ಪು ಬನಿಯನ್ನಿನ, ಗಡ್ಡದ ಒಬ್ಬ ಮನುಷ್ಯ "ಕಡಿಮೆ ಖರ್ಚಿನಲ್ಲಿ" ಎಂದು ಶುರು ಮಾಡಿ, ನನ್ನ ಜೀಪಿನಂಥ ಎರಡನ್ನು ಕೊಳ್ಳಬಹುದಾದಷ್ಟು ಬೆಲೆಯ ಒಂದು ಬಂಪರನ್ನು ಪ್ರೀತಿಯಿಂದ ಸವರುತ್ತಾನೆ. ಹೆಂಡತಿ ಹಿಂದಿನಿಂದ ಇಣುಕಿ ನೋಡಿ, "ಮದುವೆ ಹುಡುಗಿಗೂ ಇಷ್ಟು ಶೃಂಗಾರ ಇಲ್ಲ" ಎಂದಳು.

ಹಾಗಾಗಿ ಭಟ್ಕಳಕ್ಕೆ ಹೋದೆ. ಹೆದ್ದಾರಿ ಬದಿಯ ಒಂದು ಗ್ಯಾರೇಜಿನ ಯಜಮಾನರು ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರು. ಅಲ್ಲಿ ಪ್ರವಾಸಿಗರನ್ನು ಮರಳ ದಿಬ್ಬಗಳ ಮೇಲೆ ಹಾರಿಸುವ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದರಂತೆ. ಮನೆಯವರ ಜೊತೆ ನವಾಯತಿ, ಗಿರಾಕಿಗಳ ಜೊತೆ ಕನ್ನಡ, ನಟ್ಟು ತಿರುಗದಿದ್ದರೆ ಉರ್ದು. ನನ್ನ ಜೀಪನ್ನು ಸುತ್ತು ಬಂದು, ಬಾನೆಟ್ಟು ತೆಗೆದು, ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಂಡರು.

"ಸರ್, ಇದಕ್ಕೆ ರಿಪೇರಿ ಬೇಡ. ದುವಾ ಬೇಕು."

"ಅದಕ್ಕೇ ಹೊರಟದ್ದು," ಎಂದೆ. ಅಕ್ಕನ ಹರಕೆ, ಗುಡ್ಡ, ಮೊಣಕಾಲು ಎಲ್ಲ ಹೇಳಿದೆ.

"ತಾಯಿಯ ಹರಕೆ ಅಂದ್ರೆ ಬೇರೆ ಮಾತು ಸರ್. ಆಗ್ತದೆ. ಮೊದಲು ಟಯರಿನ ಹವಾ ಇಳಿಸಬೇಕು. ದುಬೈಯಲ್ಲಿ ನಾವು ಎಲ್ಲಕ್ಕಿಂತ ಮೊದಲು ಹವಾ ಇಳಿಸ್ತೇವೆ."

"ಅದು ಮರಳು. ಇದು ಜಂಬಿಟ್ಟಿಗೆ ಗುಡ್ಡ, ಮೇಲೆ ಮಳೆ."

"ನೆಲ ಎಲ್ಲ ಒಂದೇ ಸರ್. ಮೇಲಿರೋದು ಬೇರೆ ಬೇರೆ."

ಇಂಥ ಭೂಗೋಳ ಧಾರವಾಡದಲ್ಲಿ ಕಲಿಸಿರಲಿಲ್ಲ. ಕೆಲಸ ಶುರುವಾಯಿತು. ಯಾವುದೋ ಗುಜರಿಗೆ ಹೋದ ಗಾಡಿಯ ದಪ್ಪ ಹಲ್ಲಿನ ಟಯರುಗಳು ಬಂದವು. ನಾಲ್ಕರಲ್ಲಿ ಮೂರಕ್ಕೆ ಹಲ್ಲಿದ್ದವು. ಜೀಪು ನೆಲದಿಂದ ಎತ್ತರಕ್ಕೆ ನಿಲ್ಲಬೇಕೆಂದು ಚಕ್ರದ ಮೇಲಿನ ಸ್ಪ್ರಿಂಗ್ ಕಮಾನಿಗೆ ಇನ್ನೊಂದು ಪ್ಲೇಟು ಸೇರಿಸಿದರು. ಜೀಪು ನಿಜಕ್ಕೂ ಎತ್ತರವಾಯಿತು. ಎಷ್ಟೆಂದರೆ, ಮೊಣಕಾಲು ನೋವಿನವಳನ್ನು ಗುಡ್ಡ ಹತ್ತಿಸಲು ಸಿದ್ಧವಾಗುತ್ತಿದ್ದ ಆ ಜೀಪನ್ನು ಹತ್ತಲಿಕ್ಕೇ ಈಗ ಒಂದು ಏಣಿ ಬೇಕಾಯಿತು. ಇದನ್ನು ತೋರಿಸಿಕೊಟ್ಟಾಗ ಯಜಮಾನರು ಸ್ವಲ್ಪ ಹೊತ್ತು ಗಡ್ಡ ಸವರಿ, "ಮೀನಿನ ಕ್ರೇಟು ಒಂದು ಇಟ್ಟುಕೊಳ್ಳಿ ಸರ್" ಎಂದರು.

ಅಲ್ಲಿಂದ ನನ್ನ ಆಲೋಚನೆಯೂ ಮೀನುದೋಣಿ ನಿಲ್ಲುವ ದಕ್ಕೆಯ ಕಡೆ ತಿರುಗಿತು. ಕರಾವಳಿಯಲ್ಲಿ ಹುಟ್ಟಿದವನಿಗೆ ಜೀಪೆಂದರೆ ಗಾಲಿ ಇರುವ ದೋಣಿ, ಅಷ್ಟೇ. ವಿಡಿಯೋದವರು ಬಂಪರಿಗೆ ಕಟ್ಟಿಕೊಳ್ಳುವ ಎಳೆಯುವ ಯಂತ್ರದ ಬದಲು ದೋಣಿ ಎತ್ತುವ ಹಳೇ ಚೈನ್ ಬ್ಲಾಕು, ಟ್ರಾಲರಿನ ಹಗ್ಗ. ಚಕ್ರ ಹೂತರೆ ಕೆಳಗೆ ಹಾಕಲು ಒಡೆದ ದೋಣಿಯ ಹಲಗೆ. ಹಳ್ಳದಲ್ಲಿ ಇಂಜಿನ್ನಿಗೆ ನೀರು ನುಗ್ಗದಂತೆ ಗಾಳಿ ಎಳೆದುಕೊಳ್ಳಲು ಬಾನೆಟ್ಟಿನ ಪಕ್ಕದಿಂದ ತಲೆಯೆತ್ತರಕ್ಕೆ ಒಂದು ಪಿವಿಸಿ ಪೈಪು. "ಇದು ಎಂತ, ಪಾಯಖಾನೆ ಪೈಪಾ?" ಎಂದು ಹೆಂಡತಿ ಕೇಳಿದಳು. ನಾನು ಪೈಪಿಗೆ ಇನ್ನೊಂದು ಸುತ್ತು ತಂತಿ ಬಿಗಿದೆ. ಅದು ಹೌದು.

ಮತ್ತೆ ತುಕ್ಕು. ಜೀಪಿನ ಅಡಿ ಪೂರ ಉಪ್ಪುಗಾಳಿಗೆ ಚಕ್ಕೆ ಏಳುತ್ತಿತ್ತು. ಇದಕ್ಕೆಂದೇ ವಿದೇಶದ ಡಬ್ಬಿಗಳು ಸಿಗುತ್ತವೆ. ಆದರೆ ನಮ್ಮಲ್ಲಿ ದೋಣಿಯ ತಳಕ್ಕೆ ಏನು ಬಳಿಯುತ್ತಾರೆ? ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆದ, ಡಾಂಬರಿನಂಥ ಕಪ್ಪು ಎಣ್ಣೆ. ಅದರ ಮೇಲೆ ಮೀನೆಣ್ಣೆಯ ಇನ್ನೊಂದು ಕೈ. ತಲೆತಲಾಂತರದಿಂದ ಸಮುದ್ರವನ್ನೇ ತಡೆದ ಮದ್ದು ಒಂದು ಜೀಪನ್ನು ಕಾಯದೇ? ಜೀಪಿನ ಕೆಳಗೆ ಅಂಗಾತ ಮಲಗಿ, ಒಬ್ಬನೇ, ಬರಿಗೈಯಲ್ಲಿ, ಸಂಪ್ರದಾಯದ ಬಗ್ಗೆ ಒಂದು ಬಗೆಯ ಹೆಮ್ಮೆಯೊಂದಿಗೆ ಬಳಿದೆ. ಹಿಂದಿನವರ ಜ್ಞಾನವನ್ನು ನಾವು ಸುಮ್ಮನೆ ತಳ್ಳಿಹಾಕುತ್ತೇವೆ ಎಂದು ಆಗ ಯೋಚಿಸುತ್ತಿದ್ದೆ ಎಂದೂ ನೆನಪು. ಎರಡು ದಿನ ಬಿಟ್ಟು ನನ್ನ ಕೈ, ಕುತ್ತಿಗೆ, ಒಂದು ಕಿವಿ ಸುಟ್ಟಂತೆ ನೀರುಗುಳ್ಳೆಗಳ ಬೊಬ್ಬೆ ಎದ್ದವು. ಗೇರುಬೀಜ ಸುಡುವಾಗ ಹತ್ತಿರ ಹೋಗಬೇಡ, ಎಣ್ಣೆ ಸಿಡಿದರೆ ಬೊಬ್ಬೆ ಏಳುತ್ತದೆ ಎಂದು ಬೈಸಿಕೊಂಡೇ ದೊಡ್ಡವನಾದ ನಾನು, ಅದೇ ಎಣ್ಣೆಯನ್ನು ಡಬ್ಬಿಗಟ್ಟಲೆ ಮೈಮೇಲೆ ಸುರಿದುಕೊಂಡಿದ್ದೆ. ದೋಣಿಗೆ ಹಚ್ಚುವವರು ಮೊದಲು ಮೈಗೆಲ್ಲ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಅದೂ ನನಗೆ ಗೊತ್ತಿತ್ತು. ಬೊಬ್ಬೆ ಎದ್ದ ಮೇಲೆ ನೆನಪಾಯಿತು.

ಮೀನೆಣ್ಣೆ ಅಷ್ಟು ಕ್ರೂರಿಯಲ್ಲ. ಅದು ಕೇರಿಯ ಬೆಕ್ಕುಗಳನ್ನೆಲ್ಲ ನಮ್ಮ ಶೆಡ್ಡಿಗೆ ಕರೆಸಿತು, ಅಷ್ಟೇ.

ಪರೀಕ್ಷೆಗೆಂದು ಜೀಪನ್ನು ಧಾರೇಶ್ವರದ ಕಡಲ ದಂಡೆಗೆ ಇಳಿಸಿದೆವು. ಮರಳಲ್ಲಿ ಓಡಿದರೆ ಎಲ್ಲಿ ಬೇಕಾದರೂ ಓಡುತ್ತದೆ ಎಂಬುದು ಯಜಮಾನರ ಸಿದ್ಧಾಂತ. ಅವರು ತಮ್ಮ ಕೈಯಾರೆ ಹವಾ ಇಳಿಸಿ, ಪಕ್ಕದಲ್ಲಿ ಕೂತು, "ಈಗ ದುಬೈ ಅಂತ ತಿಳ್ಕೊಳ್ಳಿ ಸರ್" ಎಂದರು. ನಾನು ತಿಳಿದುಕೊಂಡೆ. ಜೀಪು ತಿಳಿದುಕೊಳ್ಳಲಿಲ್ಲ. ನೀರಂಚಿನ ತನಕ ಚೆನ್ನಾಗಿ ಹೋಗಿ, ತಿರುಗಿಸುವಾಗ ನಾಲ್ಕೂ ಚಕ್ರಗಳು, ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ ಒಗ್ಗಟ್ಟಾಗಿ, ಮರಳಿನೊಳಗೆ ಇಳಿದವು. ಹತ್ತಿರದಲ್ಲಿ ರಂಪಣಿ ಬಲೆ ಎಳೆಯುತ್ತಿದ್ದವರು ಕೆಲಸ ಬಿಟ್ಟು ಬಂದರು.

"ಎಂತ ಮಾರಾಯ್ರೆ, ಇದೆಂತ ವಾಸನೆ? ಗಾಡಿಯಾ, ಒಣಮೀನಾ?"

"ಎರಡೂ," ಎಂದೆ.

"ಹಾಗಾರೆ ಎಳೀಬಹುದು. ಮೀನು ಎಳೆದೇ ಅಭ್ಯಾಸ ನಮಗೆ."

ಟ್ರಾಲರಿನ ಹಗ್ಗ ಕಟ್ಟಿ, ಬಲೆಯಂತೆಯೇ ಎರಡು ಸಾಲಾಗಿ ನಿಂತು, ಕೂಗು ಹಾಕಿ ಎಳೆದು ಮೇಲೆ ತಂದರು. ಒಬ್ಬ ಅದರ ಮೂತಿ ತಟ್ಟಿ, "ಇಷ್ಟು ದೊಡ್ಡದು ಸಿಕ್ಕಿ, ತಿನ್ನೂಕೆ ಮಾತ್ರ ಬರೂದಿಲ್ಲ" ಎಂದ. ಯಜಮಾನರು ಮಾತ್ರ ಎದೆಗುಂದಲಿಲ್ಲ. "ಗಾಡಿಗೆ ಏನೂ ತಪ್ಪಿಲ್ಲ ಸರ್. ಮರಳು ಲೋಕಲ್."

ಮಳೆ ಬಿಟ್ಟೂ ಬಿಡದಂತೆ ಇದ್ದ ಒಂದು ಬೆಳಿಗ್ಗೆ ಕುಮಟೆಯಿಂದ ಹೊರಟೆವು, ನಾನು ಮತ್ತು ಅಕ್ಕ. ಮೀನಿನ ಕ್ರೇಟಿನ ಮೇಲೆ ಕಾಲಿಟ್ಟು, ನನ್ನ ಹೆಗಲ ಮೇಲೆ ಪೂರ್ತಿ ಭಾರ ಹಾಕಿ, ಅಕ್ಕ ಹತ್ತಿ ಕೂತಳು. ತೊಡೆಯ ಮೇಲೆ ಕಾಯಿ, ವೀಳ್ಯ, ಹೂವಿನ ಚೀಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದೇ ಒಂದು ಕಾಗದ. ಮೂಗಿಗೆ ಸೆರಗು.

"ತಮಾ, ಜಟಕಂಗೆ ಮೀನು ಆಗ್ತದೇನಾ?"

"ಯಾಕೆ?"

"ನಾವು ಮಡಿಯಲ್ಲಿ ಬಂದದ್ದು ಅಂತ ಅವ ನಂಬಬೇಕಲ್ಲ."

ಹೊನ್ನಾವರದಿಂದ ಶರಾವತಿಯನ್ನು ಪಕ್ಕದಲ್ಲಿಟ್ಟುಕೊಂಡು ಗೇರುಸೊಪ್ಪದವರೆಗೆ ಒಳ್ಳೆಯ ರಸ್ತೆ. ಹೊಸ ಕಮಾನು ಪ್ಲೇಟಿನ ದೆಸೆಯಿಂದ ಒಂದೊಂದು ಗುಂಡಿಯೂ ನೇರ ಅಕ್ಕನ ಮೊಣಕಾಲಿಗೆ ವರದಿ ಒಪ್ಪಿಸುತ್ತಿತ್ತು. ಅವಳು ಹಲ್ಲು ಕಚ್ಚಿ ಚೀಲ ಅವಚಿ ಹಿಡಿದಳು. ಗೇರುಸೊಪ್ಪ ಕಳೆದು, ಬಲಕ್ಕೆ ತಿರುಗಿ, ಮತ್ತೆ ಮೇಲಕ್ಕೆ. ಇಲ್ಲಿ ಡಾಂಬರು ಮುಗಿಯುತ್ತದೆ, ಇಲ್ಲಿಂದ ನಮ್ಮ ಪರೀಕ್ಷೆ ಎಂದು ನಾನು ಅಂದುಕೊಂಡ ಕಡೆಯಲ್ಲೆಲ್ಲ ಡಾಂಬರು ಮುಂದುವರಿಯುತ್ತಲೇ ಇತ್ತು. ನನ್ನ ನೆನಪಿನಲ್ಲಿ ಕಾಡಿದ್ದ ಕಡೆ ಕಾಂಕ್ರೀಟು ರಸ್ತೆ, ಬಸ್ ತಂಗುದಾಣ, ಮೊಬೈಲ್ ಟವರು. ಕೊನೆಗೂ ರಸ್ತೆ ನಿಂತದ್ದು ಒಂದು ಮನೆಯ ಅಂಗಳದ ಪಕ್ಕದಲ್ಲಿ. ಅಲ್ಲೊಂದು ಆಟೋ ನಿಂತಿತ್ತು. ಮುಂದೆ ಇಳಿಜಾರು, ಕೆಳಗೆ ಹಳ್ಳದ ಸದ್ದು.

ಮನೆಯಿಂದ ಒಬ್ಬ ಅಜ್ಜಿ ಹೊರಗೆ ಬಂದರು. ಅಪ್ಪನ ಹೆಸರು ಹೇಳಿದ್ದೇ ಅವರ ಮುಖ ಬಿರಿಯಿತು. "ಅಯ್ಯ, ಅವ್ರ ಮಕ್ಕಳಾ? ಜೀಪು ನೋಡದಾಗ್ಲೇ ಎಲ್ಲೋ ಕಂಡಾಂಗೆ ಆತು. ಮೂಗು ಬಂದದಲ್ಲ ಇದಕ್ಕೆ?" ಎಂದು ಪಿವಿಸಿ ಪೈಪನ್ನು ನೋಡಿದರು.

"ಜಟಕಂಗೆ ಕಾಗದ ಇಡಬೇಕು ಅಜ್ಜಿ. ಮಗಳ ಮದುವೆದು. ಹಳ್ಳ ದಾಟೂಕೆ ಆಗ್ತದಾ?" ಎಂದಳು ಅಕ್ಕ.

"ಹಳ್ಳ ಎಂತಕ್ಕೆ ದಾಟೂದು? ಜಟಕ ಇಲ್ಲೇ ಇವ್ನಲ."

ಆಟೋದ ಹಿಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ, ಸಿಮೆಂಟಿನ ಸಣ್ಣ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಹೂವಿನ ಮಾಲೆ ಹಾಕಿಕೊಂಡು ಆ ಕಲ್ಲು ಕೂತಿತ್ತು. ಜೀಪಿನಿಂದ ಇಳಿದರೆ ಎದುರಿಗೇ. ನಡೆಯುವುದೇ ಬೇಡ.

"ನೋಡಿದ್ಯಾ ಅಕ್ಕಾ," ಎಂದೆ. ಇಷ್ಟು ವರ್ಷಗಳಲ್ಲಿ ಯಾವ ಆಕರವೂ ನನ್ನ ಪರವಾಗಿ ಹೀಗೆ ಸಾಕ್ಷಿ ನುಡಿದಿರಲಿಲ್ಲ. ಅಕ್ಕ ಕಲ್ಲನ್ನೇ ನೋಡುತ್ತಿದ್ದಳು. "ಇವ ಇಲ್ಲಿರಲಿಲ್ಲ," ಎಂದಳು.

"ಇರಲಿಲ್ಲ," ಎಂದರು ಅಜ್ಜಿ. "ಹಳ್ಳದಾಚೆ ಗುಡ್ಡದ ಮೇಲಿದ್ದ. ನಿನ್ನ ಮದುವೆ ಆದ ಮರುವರ್ಷ ನಿಮ್ಮಪ್ಪನೇ ಇಳಿಸಿ ತಂದದ್ದು. ಜೀಪು ಹತ್ತೂದಿಲ್ಲ, ನಂಗೂ ಹತ್ತೂಕೆ ಆಗೂದಿಲ್ಲ ಅಂತ."

ನಾನು ಜೀಪನ್ನು ನೋಡಿದೆ. ಟಯರು, ಕಮಾನು, ಚೈನ್ ಬ್ಲಾಕು, ಹಲಗೆ, ಪೈಪು, ನನ್ನ ಸಿಪ್ಪೆ ಸುಲಿದ ಕಿವಿ. ಕಡಿಮೆ ಖರ್ಚಿನಲ್ಲಿ ಎಂದರೆ ಏನೆಂದು ನಮ್ಮ ಅಪ್ಪನಿಗೆ ಗೊತ್ತಿತ್ತು. ಜೀಪನ್ನು ಏರಿಸುವುದಕ್ಕಿಂತ ದೇವರನ್ನು ಇಳಿಸುವುದು ಅಗ್ಗ. ಆ ಗಡ್ಡದವರ ಯಾವ ವಿಡಿಯೋದಲ್ಲೂ ಈ ಉಪಾಯ ಇಲ್ಲ.

ಅಕ್ಕ ನೆನಪಿಟ್ಟುಕೊಂಡದ್ದು ಮದುವೆಗೆ ಮೊದಲಿನ ಗುಡ್ಡ. ನಾನು ನೆನಪಿಟ್ಟುಕೊಂಡದ್ದು ಆಮೇಲಿನ ಅಂಗಳ. ಇಬ್ಬರೂ ಸರಿ. ಇದರಿಂದ ಇಬ್ಬರಿಗೂ ಆದದ್ದು ನಿರಾಶೆಯೇ. ಆದರೂ ಕೆಲಸ ಹಗುರವಾಯಿತಲ್ಲ ಎಂದು ನಾನು ಕ್ರೇಟನ್ನು ಇಳಿಸಿ, "ಬಾ, ಕೈ ಕೊಡು" ಎಂದೆ. ಅಕ್ಕ ಕದಲಲಿಲ್ಲ.

"ಅಜ್ಜಿ, ಇವನ್ನ ತರೂಕೆ ಮುಂಚೆ ಅಪ್ಪ ಕೇಳಿದ್ನಾ? ಬತ್ಯಾ ಅಂತ?"

"ಕೇಳದೆ ತತ್ತಾರೇ? ಪ್ರಸಾದ ಕೇಳಿದ್ರು. ಕಲ್ಲಿಗೆ ಹೂ ಅಂಟಿಸಿ, ಬಲಕ್ಕೆ ಬಿದ್ರೆ ಬತ್ತೆ ಅಂದಾಂಗೆ ಅಂತ ಹೇಳಿ ಕೈ ಮುಗಿದು ನಿಂತ್ರು. ಎಡಕ್ಕೆ ಬಿತ್ತು. ಮತ್ತೊಂದ್ಸಲ ಕೇಳಿದ್ರು. ಮತ್ತೂ ಎಡಕ್ಕೆ. ನಿಮ್ಮಪ್ಪ ಬಿಡುವ ಜನ ಅಲ್ಲ. ಕಡೆಗೊಂದ್ಸಲ ಗಾಳಿ ಬಂತು ನೋಡು, ಬಲಕ್ಕೆ ಬಿತ್ತು. ಆತು ಅಂದ್ಕಂಡು ಕೂಡ್ಲೇ ಗೋಣಿಗೆ ಹಾಕದ್ರು."

ನಾನು ನಕ್ಕೆ. ಅಕ್ಕ ನಗಲಿಲ್ಲ. ಅವಳ ಕೈ ಕಾಯಿಯ ಮೇಲಿತ್ತು.

"ಅವ ಬರೂದಿಲ್ಲ ಅಂದದ್ದೇ ಅಲ್ದಾ?" ಎಂದಳು. "ನಾ ಹರಕೆ ಹೇಳಿಕೊಂಡಾಗ ಕಣ್ಣು ಮುಚ್ಚಿ ನೋಡಿದ್ದು ಮೇಲಿನ ಜಾಗ. ಆಟೋ ಹಿಂದಿನ ಜಾಗ ಅಲ್ಲ."

"ಅಕ್ಕಾ, ಕಲ್ಲು ಇದೇ. ಮನೆ ಬದಲಾಯಿಸಿದ್ರೆ ಟಪಾಲು ಹೊಸ ವಿಳಾಸಕ್ಕೆ ಹೋಗ್ತದೆ ಅಲ್ದಾ?"

"ಅವನೇ ಬದಲಾಯಿಸಿದ್ರೆ ಹೌದು. ಎತ್ತಿಕೊಂಡು ಬಂದ್ರೆ?" ಮತ್ತೆ, ಸ್ವಲ್ಪ ಸಣ್ಣ ದನಿಯಲ್ಲಿ: "ಮಗಳ ವಿಷಯ ತಮಾ. ಮುಂದೆ ಎಂತಾದ್ರೂ ಒಂದು ಆದ್ರೆ, ನಾನು ಅರ್ಧ ದಾರಿಗೇ ಇಟ್ಟು ಬಂದೆ ಅಂತ ಜೀವಮಾನ ಪೂರ್ತಿ ಅನ್ನಿಸ್ತದೆ. ನಿಂಗೆ ಅನ್ನಿಸೂದಿಲ್ಲ. ನಂಗೆ ಅನ್ನಿಸ್ತದೆ."

ದೇವರಿಲ್ಲ ಎಂದು ವಾದಿಸಬಲ್ಲೆ. ಹಾಗೆ ಅನ್ನಿಸುವುದಿಲ್ಲ ಎಂದು ವಾದಿಸುವುದು ಹೇಗೆ? ಕ್ರೇಟನ್ನು ಮತ್ತೆ ಹಿಂದೆ ಎಸೆದೆ. ನಾಲ್ಕೂ ಚಕ್ರ ದುಡಿಯಲೆಂದು ಮುಂದಿನ ಚಕ್ರಗಳ ನಡುವಿನ ಗುಬ್ಬಿಗಳನ್ನು ತಿರುಗಿಸಿ ಬಿಗಿ ಮಾಡಿ, ಒಳಗೆ ಕೂತು ಸಣ್ಣ ಲಿವರನ್ನು ಎಳೆದೆ. ಎಲ್ಲೋ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದ ಸದ್ದಾಯಿತು.

"ಹೋಗೂಕೆ ಆಗ್ತದಾ ತಮಾ?" ಅಜ್ಜಿ ಕೇಳಿದರು.

"ಗೊತ್ತಿಲ್ಲ," ಎಂದೆ. ಆ ತಿಂಗಳಲ್ಲಿ ನಾನಾಡಿದ ಮೊದಲ ಪ್ರಾಮಾಣಿಕ ಮಾತು ಅದು.

ಹಳ್ಳದ ನೀರು ಬಾಗಿಲ ಅಂಚಿಗೆ ಬಂತು. ಪಾಯಖಾನೆ ಪೈಪು ಗಂಭೀರವಾಗಿ ಗಾಳಿ ಎಳೆದುಕೊಳ್ಳುತ್ತ ತನ್ನ ಕರ್ತವ್ಯ ಮಾಡಿತು. ಆಚೆ ದಡ ಹತ್ತಿದ್ದೇ ಒಂದು ಕೊಂಬೆ ಅದನ್ನು ಬುಡಸಮೇತ ಕಿತ್ತುಕೊಂಡಿತು. ಅಲ್ಲಿಂದ ಮುಂದೆ ದಾರಿ ಎನ್ನುವುದು ಅಭಿಪ್ರಾಯ ಮಾತ್ರ. ಎತ್ತಿನಗಾಡಿಯ ಹಳೇ ಜಾಡಿನಲ್ಲಿ ನೀರು ಹರಿದು ಕೊರಕಲಾಗಿತ್ತು. ಜೀಪು ಒಂದು ಕಡೆಗೆ ವಾಲಿಕೊಂಡು, ನಡುನಡುವೆ ನಿಂತು ಯೋಚಿಸಿ, ಮತ್ತೆ ಹತ್ತುತ್ತಿತ್ತು. ಅರ್ಧ ಗುಡ್ಡದಲ್ಲಿ ಎಡಗಡೆಯ ಚಕ್ರ, ಆ ಹಲ್ಲಿಲ್ಲದ ಟಯರಿನದು, ಕೊರಕಲಿಗೆ ಜಾರಿ ಸುಮ್ಮನೆ ತಿರುಗತೊಡಗಿತು.

"ಇಳೀತ್ಯಾ? ಭಾರ ಕಮ್ಮಿ ಆಗ್ತದೆ," ಎಂದೆ.

"ನಾನು ಇಳಿದು ನಡೀಬಹುದಾಗಿದ್ರೆ ನಿನ್ನ ಈ ಮೀನುಬುಟ್ಟಿ ಎಂತಕ್ಕೆ ಬೇಕಿತ್ತು?"

ಮತ್ತಿ ಮರವೊಂದಕ್ಕೆ ಟ್ರಾಲರಿನ ಹಗ್ಗ ಸುತ್ತಿ, ಚೈನ್ ಬ್ಲಾಕನ್ನು ಸಿಕ್ಕಿಸಿ, ಸರಪಳಿ ಎಳೆಯತೊಡಗಿದೆ. ದೋಣಿಯ ಯಂತ್ರ ದೋಣಿಯ ವೇಗದಲ್ಲೇ ಕೆಲಸ ಮಾಡುತ್ತದೆ. ಒಂದು ಗೇಣು ಜೀಪು ಮೇಲೆ ಬರಲು ನಾನು ಮೈಲಿಗಟ್ಟಲೆ ಸರಪಳಿ ಎಳೆದೆ ಅನ್ನಿಸಿತು. ಬೊಬ್ಬೆ ಒಣಗಿದ್ದ ಅಂಗೈ ಮತ್ತೆ ಸುಲಿಯಿತು. ಒಳಗೆ ಕೂತ ಅಕ್ಕ, ಕಾಯಿ ಉರುಳದಂತೆ ಹೊಟ್ಟೆಗವಚಿಕೊಂಡು, "ಬಂತು, ಬಂತು, ಇನ್ನೊಂಚೂರು" ಎಂದು ಹೇಳುತ್ತಲೇ ಇದ್ದಳು. ಹೆರಿಗೆ ಕೋಣೆಯ ಸೂಲಗಿತ್ತಿಯ ಹಾಗೆ. ಚಕ್ರ ಹಲಗೆಯ ಮೇಲೆ ಬಂತು. ಕಚ್ಚಿತು. ಉಳಿದ ದಾರಿಯನ್ನು ಜೀಪು ಹೇಗೆ ಹತ್ತಿತೆಂದು ನನಗೆ ನೆನಪಿಲ್ಲ. ಇಷ್ಟು ಇತ್ತೀಚಿನದೇ ನೆನಪಿಲ್ಲದವನು ಬಾಲ್ಯದ ಬಗ್ಗೆ ಅಷ್ಟು ಜಂಬದಿಂದ ಮಾತಾಡಿದ್ದೇ ಆಶ್ಚರ್ಯ.

ಮೇಲೆ ಏನೂ ಇರಲಿಲ್ಲ. ಜಂಬಿಟ್ಟಿಗೆ ಕಲ್ಲಿನ ಒಂದು ಕುಸಿದ ಕಟ್ಟೆ, ಅದರ ನಡುವೆ ಕಲ್ಲು ಕಿತ್ತ ಜಾಗದಲ್ಲಿ ಬೋಗುಣಿಯಂಥ ಗುಳಿ, ಗುಳಿಯ ತುಂಬ ಕೊಳೆತ ಎಲೆ. ಈ ಜಾಗವನ್ನು ನಾನು ಜನ್ಮದಲ್ಲಿ ಕಂಡಂತಿರಲಿಲ್ಲ. ಅಕ್ಕ ನನ್ನ ತೋಳು ಹಿಡಿದು ಇಳಿದಳು. ಕಟ್ಟೆಯವರೆಗೆ ಕೆಲವೇ ಹೆಜ್ಜೆ, ಆದರೆ ಒಂದೊಂದಕ್ಕೂ ನಿಂತಳು. ಬಗ್ಗಲಾಗದೆ ಕಟ್ಟೆಯ ಅಂಚಿಗೆ ಕೂತು, ಗುಳಿಯಿಂದ ಎಲೆಗಳನ್ನು ಕೈಯಿಂದಲೇ ತೆಗೆದು ಹಾಕಿದಳು. ಅಡಿಯಲ್ಲಿ ಸ್ವಲ್ಪ ಮಳೆನೀರು ನಿಂತಿತ್ತು.

"ಕಾಗದ ಒದ್ದೆ ಆಗ್ತದೆ," ಎಂದೆ.

"ಆಗಲಿ. ಓದಿದ ಮೇಲೆ ಒದ್ದೆ ಆದ್ರೆ ಎಂತ?"

ಪ್ಲಾಸ್ಟಿಕ್ಕು ಬಿಚ್ಚಿ, ಕಾಗದದ ಮೇಲೆ ವೀಳ್ಯದೆಲೆ, ಅಡಿಕೆ, ಹೂ ಇಟ್ಟು, ಖಾಲಿ ಗುಳಿಯಲ್ಲಿ ಇಟ್ಟಳು. ಮಗಳ ಹೆಸರು, ಅಳಿಯನ ಹೆಸರು, ಮುಹೂರ್ತ, ಕಲ್ಯಾಣ ಮಂಟಪಕ್ಕೆ ಹೋಗುವ ದಾರಿಯನ್ನೂ ದನಿ ತಗ್ಗಿಸಿ ಹೇಳಿದಳು. ಅಲ್ಲಿ ಇಲ್ಲದವನಿಗೆ, ನಾನು ನಂಬದವನಿಗೆ. ಆಮೇಲೆ ಕಾಯಿಯನ್ನು ನನ್ನ ಕಡೆ ಚಾಚಿದಳು. ಒಡೆಯಲು ಅವಳಿಗೆ ಶಕ್ತಿಯಿರಲಿಲ್ಲ. ನಾನು ಒಡೆದೆ. ಬಹಳ ವರ್ಷಗಳಿಂದ ಯಾವ ದೇವರ ಮುಂದೆಯೂ ಕಾಯಿ ಒಡೆದವನಲ್ಲ. ಸೊಟ್ಟಗೆ ಒಡೆಯಿತು, ನೀರು ನನ್ನ ಪ್ಯಾಂಟಿನ ಮೇಲೆ ಹೋಯಿತು. ಅಕ್ಕ ಹೋಳುಗಳನ್ನು ತೆಗೆದುಕೊಂಡು ಗುಳಿಯ ಪಕ್ಕ ಇಟ್ಟಳು. ಅಳುತ್ತಿದ್ದಳು ಎಂದುಕೊಳ್ಳುತ್ತೇನೆ. ಖಚಿತವಾಗಿ ಹೇಳಲಾರೆ, ನಾನು ಜೀಪಿನ ಕಡೆ ನೋಡುತ್ತಿದ್ದೆ.

ತಿರುಗಿಸಲು ಜಾಗವಿರಲಿಲ್ಲ. ಹಿಮ್ಮುಖವಾಗಿಯೇ ಇಳಿಯಬೇಕಾಯಿತು, ಅಕ್ಕ ಕುತ್ತಿಗೆ ಹೊರಗೆ ಹಾಕಿ ದಾರಿ ಹೇಳುತ್ತ.

"ಬಲಕ್ಕೆ, ಬಲಕ್ಕೆ! ಅಯ್ಯ, ನನ್ನ ಬಲ ಅಲ್ದಾ ಮಾರಾಯ, ಗುಡ್ಡದ ಬಲ!"

ಪೈಪಿಲ್ಲದೆಯೇ ಹೇಗೋ ಹಳ್ಳ ದಾಟಿ ಅಂಗಳ ತಲುಪಿದಾಗ ಅಕ್ಕ ಮೊದಲು ಮಾಡಿದ್ದು ಮನೆಗೆ ಫೋನು. "ಆತು. ಇಟ್ಟಾತು. ಇನ್ನು ಹಂಚೂಕೆ ಸುರು ಮಾಡಿ. ಮೊದಲು ಗಂಡಿನವರ ಮನೆಗೆ, ಈಗಲೇ." ಅಜ್ಜಿ ಕಟ್ಟೆಯ ಕಡೆ ಕೈ ತೋರಿಸಿ, "ಇವಂಗೆ?" ಎಂದು ಕೇಳಿದರು. ಅಕ್ಕನ ಹತ್ತಿರ ಇದ್ದದ್ದು ಒಂದೇ ಕಾಗದ. ಆಕೆ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

"ಇವಂಗೂ ಬಿಡೂಕೆ ಆಗೂದಿಲ್ಲ. ಇಷ್ಟು ವರ್ಷ ಇಲ್ಲಿ ಕೂತಾನೆ, ಪಾಪ. ನಾಳೆ ತಮ್ಮ ತಂದುಕೊಡ್ತಾನೆ."

"ನೀನೇ ತರಬೇಕಲ್ಲ, ಕೈಯಾರೆ?" ಎಂದೆ.

"ಇವಂಗೆ ನಾ ಹರಕೆ ಹೇಳಿಲ್ಲ."

ಮಾರನೆಯ ದಿನ ಜೀಪು ಭಟ್ಕಳದ ಗ್ಯಾರೇಜಿನಲ್ಲಿತ್ತು, ಮುಂದಿನ ಆಕ್ಸಲಿನಿಂದ ಎಣ್ಣೆ ಸುರಿಸುತ್ತ. ನಾನು ಹೊನ್ನಾವರದಿಂದ ಗೇರುಸೊಪ್ಪಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದೆ. ಆಟೋದವನು ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿದ; ಇಂಜಿನ್ನು ಕೂಡ ಬಂದ್ ಮಾಡಲಿಲ್ಲ. ಕೂತಲ್ಲಿಂದಲೇ ಕೈ ಚಾಚಿದರೆ ಕಲ್ಲಿಗೆ ನಿಲುಕುತ್ತಿತ್ತು. ಆದರೂ ಇಳಿದೇ ಕಾಗದ ಇಟ್ಟೆ. ಚಪ್ಪಲಿ ಬಿಟ್ಟೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ.